ಹುಲಿಕಲ್ಲಿನ ಮನೆಯಲ್ಲಿ ಕಡಲ ಬಸವನಹುಳು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಅಭ್ಯಾಸವು ಮಲೆನಾಡಿನ ಮನೆಗಳಿಗೂ ಬಂದಿದೆ. ಚಿತ್ರಗಳಲ್ಲಿ ಹೂವಿನಂತೆ ಶೋಭಿಸುವ, ಚಿಪ್ಪಿಲ್ಲದ ಕಡಲ ಬಸವನಹುಳುವನ್ನೂ ಹಾಗೆಯೇ ಸಾಕಬಹುದೇ ಎಂದು ಬಾಲಿಕೆಯರು ಕೇಳುವುದುಂಟು. ಅವರಿಗೆ ಉತ್ತರ ಹೇಳಬೇಕಾದ ತಾಯಿತಂದೆಗಳಿಗೂ, ಈಗ ಸ್ವತಃ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ವಿವರಿಸುವೆವು.

ಮಳೆಗಾಲದಲ್ಲಿ ನಮ್ಮ ಅಂಗಳದ ಗೋಡೆಯ ಮೇಲೆ ಹರಿದಾಡುವ ಬಸವನಹುಳುವಿಗೆ ಇದು ದೂರದ ಬಂಧು. ಮೊಟ್ಟೆಯಿಂದ ಹೊರಟ ಮರಿಗೆ ಸಾಮಾನ್ಯವಾಗಿ ಪುಟ್ಟದೊಂದು ಚಿಪ್ಪಿರುವುದು. ಬೆಳೆಯುವಾಗ ಬಹು ಜಾತಿಗಳು ಅದನ್ನು ಕಳೆದುಕೊಳ್ಳುವುವು. ತಲೆಯ ಮೇಲಿನ ಎರಡು ಕೋಡುಗಳಿಂದ ಅದು ಆಹಾರದ ವಾಸನೆಯನ್ನು ಹಿಡಿಯುವುದು.

ಶೀತಸಮುದ್ರದ ಜಾತಿಗಳಿಗೆ ನೀರು ಸುಮಾರು 10ರಿಂದ 15 ಡಿಗ್ರಿ ಸೆಂಟಿಗ್ರೇಡಿನಷ್ಟು ತಂಪಾಗಿರಬೇಕು. ಯಾಕಂದರೆ 10 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿಯಬಲ್ಲುದು. 30 ಡಿಗ್ರಿಯಲ್ಲಿ ಸುಮಾರು 6 ಮಾತ್ರ. ನೀರು ಬೆಚ್ಚಗಾದಂತೆ ಪ್ರಾಣಿಗೆ ಬೇಕಾದ ಉಸಿರು ಹೆಚ್ಚುವುದು, ದೊರೆಯುವುದು ಕಡಮೆಯಾಗುವುದು. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಕರ್ನಾಟಕದಲ್ಲಿ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲೊಂದಾದರೂ, ಇಲ್ಲಿಯ ಮನೆಯೊಳಗಿನ ನೀರು ವರ್ಷವಿಡೀ ಅಷ್ಟು ತಂಪಾಗಿರಲಾರದು. ಆದುದರಿಂದ ನೀರನ್ನು ತಂಪುಮಾಡುವ ಯಂತ್ರವು ಹಗಲಿರುಳೂ ನಡೆಯಬೇಕು. ಆಷಾಢದ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ನಿಂತರೆ ಆ ಯಂತ್ರವೂ ಗಾಳಿಯೂಡುವ ಪಂಪೂ ಒಟ್ಟಿಗೆ ನಿಂತುಹೋಗುವುವು.

ಇನ್ನು ಉಪ್ಪಿನ ವಿಷಯ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುವುವು. ಮಳೆನೀರಿಗೆ ಅಡುಗೆಯ ಉಪ್ಪು ಕಲಸಿದ ಮಾತ್ರಕ್ಕೆ ಅದು ಸಮುದ್ರವಾಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವೂ ತಕ್ಕ ಪ್ರಮಾಣದಲ್ಲಿ ಬೇಕು. ನೀರು ಆವಿಯಾದಾಗ ಲವಣವು ಹಿಂದುಳಿಯುವುದರಿಂದ, ಆವಿಯಾದಷ್ಟನ್ನು ಸಿಹಿನೀರಿನಿಂದಲೇ ತುಂಬತಕ್ಕದ್ದು. ಹೊಸ ತೊಟ್ಟಿಯಲ್ಲಿ ಕಲ್ಮಷದಿಂದ ಹುಟ್ಟುವ ಅಮೋನಿಯವನ್ನು ಪರಿಹರಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಹಲವು ವಾರಗಳು ಹಿಡಿಯುವುವು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧವು ಈ ಪ್ರಾಣಿಗೆ ವಿಷವೇ ಸರಿ.

ಇವನ್ನೆಲ್ಲ ಹಣದಿಂದ ಒದಗಿಸಬಹುದು. ಆಹಾರವನ್ನು ಒದಗಿಸುವುದೇ ಕಠಿಣ. ಒಂದು ಜಾತಿಯು ಒಂದೇ ಬಗೆಯ ಸ್ಪಂಜನ್ನು ತಿನ್ನುವುದು; ಬೆಚ್ಚನೆಯ ನೀರಿನ ಬರ್ಘಿಯಾ ಎಂಬುದಕ್ಕೆ ಐಪ್ಟೇಸಿಯಾ ಎಂಬ ಕಡಲಹೂವಿನಂಥ ಪ್ರಾಣಿಯ ಹೊರತು ಬೇರೆ ಊಟವಿಲ್ಲ. ಅದು ಮುಗಿದ ದಿನವೇ ಹುಳುವಿಗೆ ಉಪವಾಸ. ಮೀನಿನ ತಿಂಡಿಯನ್ನು ಎಷ್ಟು ಉದಾರವಾಗಿ ಹಾಕಿದರೂ ಅದು ಮುಟ್ಟದು. ತಿಂಡಿಯು ಕೊಳೆತು ನೀರು ಕೆಡುವುದು. ಹೀಗೆ ಪ್ರೀತಿಯ ಆರೈಕೆಯ ನಡುವೆಯೇ ಆ ಬಡ ಜೀವಿಯು ದಿನದಿನಕ್ಕೆ ಕುಗ್ಗಿ ಹಸಿವಿನಿಂದ ಸಾಯುವುದು.

ಕಡಲಪಾಚಿಯನ್ನು ತಿನ್ನುವ 'ಕಡಲ ಮೊಲ'ದ ಸ್ಥಿತಿ ಇದಕ್ಕಿಂತ ಮೇಲು. ಕ್ಯಾಲಿಫೋರ್ನಿಯದ ಅಪ್ಲೀಸಿಯಾ ಎಂಬ ಜಾತಿಯನ್ನು ಪ್ರಯೋಗಶಾಲೆಗಳಲ್ಲಿ ಸುಮಾರು 15 ಡಿಗ್ರಿಯ ನೀರಿನಲ್ಲಿ ಸಾಕುತ್ತಾರೆ. ನೆನಪು ಉಂಟಾಗುವ ಬಗೆಯನ್ನು ಅದರ ದೊಡ್ಡ ನರಕೋಶಗಳಲ್ಲಿ ಶೋಧಿಸಿದ ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿಗೆ 2000ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅಷ್ಟು ಜತನದಿಂದ ಸಾಕಿದರೂ ಅದರ ಆಯುಸ್ಸು ಸುಮಾರು ಒಂದು ವರ್ಷ.

ಹಾಗಾದರೆ ಮಕ್ಕಳ ಆಸೆಗೆ ಏನು ಮಾಡೋಣ? ಬಾಳೆಬರೆ ಘಾಟಿಯನ್ನಿಳಿದು ಕುಂದಾಪುರದ ಕಡೆಗೆ ಹೋದರೆ ಸಮುದ್ರವು ದೂರವಿಲ್ಲ. ಬಂಡೆಗಳಿರುವ ತೀರಕ್ಕೆ, ಮಳೆಗಾಲ ಕಳೆದ ಮೇಲೆ, ನೀರಿಳಿತದ ಹೊತ್ತಿನಲ್ಲಿ ಹಿರಿಯರೊಡನೆ ಹೋಗಿ, ಬಂಡೆಗಳ ನಡುವಣ ನೀರಿನ ಗುಂಡಿಗಳನ್ನು ನೋಡಲಿ. ಮಗುಚಿದ ಕಲ್ಲನ್ನು ಮೊದಲಿದ್ದಂತೆ ಇಟ್ಟು ಬರಲಿ. ಮನೆಯಲ್ಲಿಯೇ ನೋಡಬೇಕೆಂದರೆ ಅಂಗಳದ ಬಸವನಹುಳುವನ್ನು ಹಸಿಮಣ್ಣೂ ಎಲೆಗಳೂ ಇರುವ ಗಾಜಿನ ಭರಣಿಯಲ್ಲಿ ಒಂದೆರಡು ದಿನ ಇಟ್ಟು, ಹಿಡಿದ ಸ್ಥಳದಲ್ಲಿಯೇ ಬಿಟ್ಟು, ಸಾಬೂನಿನಿಂದ ಕೈ ತೊಳೆದುಕೊಳ್ಳಲಿ.

ಒಂದು ಜೀವಿಯನ್ನು ಮನೆಗೆ ತರುವ ಮೊದಲು, ಅದರ ಊಟವೇನೆಂದು ಮಗಳನ್ನು ಕೇಳಿರಿ. ಉತ್ತರ ಹೇಳಲು ಅವಳು ಪುಸ್ತಕ ತೆರೆದರೆ ವಿದ್ಯೆಯಾಯಿತು. ಊಟ ಒದಗಿಸಲಾರೆವೆಂದು ತಿಳಿದು ಆಸೆಯನ್ನು ಬಿಟ್ಟರೆ ದಯೆಯಾಯಿತು. ದೇವರ ಸೃಷ್ಟಿಯನ್ನು ಪ್ರೀತಿಸುವವರಿಗೆ ಇವೆರಡೂ ಬೇಕೆಂದು ನಾವು ನಂಬಿದ್ದೇವೆ.