ಮೇಜಿನ ಮೇಲೊಂದು ರೈಲ್ವೆ

ದಸರೆಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಪಕ್ಕದ ನೆಲದ ಮೇಲೆ ಒಂದು ಪುಟ್ಟ ಊರು ಎದ್ದಿರುತ್ತದೆ. ರಾಗಿ ಚೆಲ್ಲಿ ಬೆಳೆಸಿದ ಪೈರಿನ ಪಾರ್ಕು, ಕನ್ನಡಿಯ ಕೆರೆ, ಅದರ ಸುತ್ತ ಕೀಲಿ ಕೊಟ್ಟರೆ ಓಡುವ ತಗಡಿನ ರೈಲು. ಕೆರೆಯ ದಂಡೆಯಲ್ಲಿ ನಿಂತ ಬಾತುಕೋಳಿ ರೈಲಿನ ಎಂಜಿನ್ನಿಗಿಂತ ಎತ್ತರವಾಗಿದ್ದರೂ ಯಾರೂ ತಕರಾರು ಮಾಡುವುದಿಲ್ಲ. ಹಬ್ಬದ ಸಡಗರದಲ್ಲಿ ಅದೆಲ್ಲ ನಡೆಯುತ್ತದೆ.

ಆದರೆ ಇದೇ ಆಟವನ್ನು ಬಹಳ ಗಂಭೀರವಾಗಿ ತೆಗೆದುಕೊಂಡವರು ಪ್ರಪಂಚದಲ್ಲಿ ಇದ್ದಾರೆ. ಅವರ ಊರಿನಲ್ಲಿ ರೈಲು, ನಿಲ್ದಾಣ, ಮರ, ಮನುಷ್ಯ, ಕೊನೆಗೆ ಪ್ಲಾಟ್‌ಫಾರಂ ಮೇಲಿನ ಟ್ರಂಕು ಕೂಡ ಒಂದೇ ಪ್ರಮಾಣದಲ್ಲಿ ಕುಗ್ಗಿರಬೇಕು. ಈ ಹವ್ಯಾಸಕ್ಕೆ ಮಾದರಿ ರೈಲ್ವೆ ನಿರ್ಮಾಣ ಎನ್ನಬಹುದು. ಇಂಗ್ಲೆಂಡ್, ಜರ್ಮನಿ, ಅಮೆರಿಕಗಳಲ್ಲಿ ಶಾಲಾ ಬಾಲಕರಿಂದ ಹಿಡಿದು ನಿವೃತ್ತರವರೆಗೆ ಸಾವಿರಾರು ಜನ ಇದರಲ್ಲಿ ತೊಡಗಿದ್ದಾರೆ.

ಎಂಬತ್ತೇಳರಲ್ಲಿ ಒಂದು ಪಾಲು

ಜರ್ಮನಿಯ ಗೋಪಿಂಗೆನ್ ಊರಿನ ಮ್ಯಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಕೀಲಿಯಿಂದ ಓಡುವ ರೈಲನ್ನು ತೋರಿಸಿತು. ಅದರ ಹಳಿಗಳಿಗೆ ಗೊತ್ತಾದ ಅಳತೆಗಳಿದ್ದವು. ಆದ್ದರಿಂದ ಒಮ್ಮೆ ಕೊಂಡ ಸೆಟ್ಟಿಗೆ ಮುಂದೆ ಹಳಿ, ಗಾಡಿಗಳನ್ನು ಸೇರಿಸುತ್ತ ಹೋಗಬಹುದಾಗಿತ್ತು. ಆಟಿಕೆ ರೈಲು ಹವ್ಯಾಸವಾಗಿ ಬೆಳೆಯಲು ಇದೇ ದಾರಿ ಮಾಡಿತು.

ಇಂದು ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಎಚ್‌ಓ. ಇದರಲ್ಲಿ ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 3.5 ಮಿಲಿಮೀಟರ್. ಭಾಗಿಸಿ ನೋಡಿದರೆ 1:87 ಬರುತ್ತದೆ. ಯೂರೋಪ್ ಮತ್ತು ಅಮೆರಿಕದ ಸಾಮಾನ್ಯ ರೈಲು ಹಳಿಗಳ ನಡುವಿನ ಅಂತರ 1435 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ ಸಿಗುವುದು 16.5 ಮಿ.ಮೀ. ಅಂಗಡಿಯಲ್ಲಿ ದೊರೆಯುವ ಎಚ್‌ಓ ಹಳಿಯ ಅಗಲ ಇದೇ.

ಈಗ ನಮ್ಮ ದೇಶದ ಲೆಕ್ಕ ಮಾಡೋಣ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂದರೆ ಅಂಗಡಿಯ ಹಳಿಯ ಮೇಲೆ ನಮ್ಮ ಬ್ರಾಡ್‌ಗೇಜ್ ಎಂಜಿನ್ನಿನ ಮಾದರಿ ನಿಲ್ಲಿಸಿದರೆ ಚಕ್ರಗಳು ಒಳಸರಿದು ನೋಟ ಕೆಡುತ್ತದೆ. ಆದರೆ ಮೀಟರ್‌ಗೇಜ್ 1000 ಮಿ.ಮೀ. ಭಾಗಿಸಿದರೆ 11.5 ಮಿ.ಮೀ. ಇದಕ್ಕೆ ಹತ್ತಿರದ 12 ಮಿ.ಮೀ. ಹಳಿ ಸಿದ್ಧವಾಗಿ ಸಿಗುತ್ತದೆ. ಮೀಟರ್‌ಗೇಜ್ ನಮ್ಮ ರಾಜ್ಯದಿಂದ ಮರೆಯಾಗಿದ್ದರೂ ಮೇಜಿನ ಮೇಲೆ ಅದನ್ನು ಮರಳಿ ತರುವುದೇ ಹೆಚ್ಚು ಸುಲಭ!

ತೂಕದ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ನಮ್ಮ ಹಳಿಗಳ ಮೇಲೆ ದಶಕಗಳ ಕಾಲ ದುಡಿದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಉದ್ದ ಸುಮಾರು 17 ಮೀಟರ್, ತೂಕ ಸುಮಾರು 112 ಟನ್. ಮಾದರಿಯ ಉದ್ದ 19.5 ಸೆಂಟಿಮೀಟರ್ ಆಗುತ್ತದೆ, ಸರಿ. ಹಾಗಾದರೆ ತೂಕ 112 ಟನ್ನಿನ ಎಂಬತ್ತೇಳನೆಯ ಒಂದು ಪಾಲು, ಅಂದರೆ ಸುಮಾರು 1300 ಕಿಲೋ ಆಗಬೇಕೆ? ಮೇಜು ಮುರಿದೀತು! ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಕುಗ್ಗುವುದರಿಂದ ಗಾತ್ರ 87 × 87 × 87, ಅಂದರೆ 6,58,503 ಪಟ್ಟು ಕುಗ್ಗುತ್ತದೆ. ತೂಕ ಸುಮಾರು 170 ಗ್ರಾಂ ಮಾತ್ರ. ಘನಫಲದ ಪಾಠವನ್ನು ಬಾಯಿಪಾಠ ಮಾಡಿದವರು ಮರೆಯಬಹುದು. ಹೀಗೆ ಲೆಕ್ಕ ಹಾಕಿದವರು ಮರೆಯಲಾರರು.

ಬೆಟ್ಟ, ಮರ, ತಂತಿ

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರ್. ಎಚ್‌ಓ ಪ್ರಮಾಣದಲ್ಲಿ ಇಡೀ ದಾರಿಯನ್ನು ಮಾಡಹೊರಟರೆ 1.6 ಕಿಲೋಮೀಟರ್ ಉದ್ದದ ಕೋಣೆ ಬೇಕು. ಆದ್ದರಿಂದ ಮಾದರಿಕಾರ ಆಯ್ದುಕೊಳ್ಳಬೇಕಾಗುತ್ತದೆ. ಒಂದು ನಿಲ್ದಾಣ, ಒಂದು ಸೇತುವೆ, ಒಂದು ಸುರಂಗ. ಉಳಿದದ್ದನ್ನು ನೋಡುವವರ ಕಲ್ಪನೆಗೆ ಬಿಡಬೇಕು.

ಸಾಮಗ್ರಿ ದುಬಾರಿಯಾಗಬೇಕೆಂದೇನೂ ಇಲ್ಲ. ಕೋಳಿಗೂಡಿನ ತಂತಿಬಲೆಯನ್ನು ಬಗ್ಗಿಸಿ, ಮೈದಾ ಅಂಟಿನಲ್ಲಿ ಅದ್ದಿದ ಹಳೆಯ ಪತ್ರಿಕೆಗಳನ್ನು ಹೊದಿಸಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದರೆ ಬೆಟ್ಟ. ಹಸಿರು ಬಣ್ಣದಲ್ಲಿ ನೆನೆಸಿ ಒಣಗಿಸಿದ ಮರದ ಹೊಟ್ಟು ಹುಲ್ಲುಗಾವಲಾಗುತ್ತದೆ. ಪಾತ್ರೆ ತಿಕ್ಕುವ ಸ್ಪಂಜಿನ ಚೂರುಗಳಿಂದ ಮರದ ಎಲೆ, ಜರಡಿ ಹಿಡಿದ ಮರಳಿನಿಂದ ಹಳಿಯ ನಡುವಿನ ಜಲ್ಲಿ. ಕಟ್ಟಡಗಳಿಗೆ ರಟ್ಟು ಸಾಕು. 23 ಸೆಂ.ಮೀ. ದಪ್ಪದ ಇಟ್ಟಿಗೆ ಗೋಡೆ ಮಾದರಿಯಲ್ಲಿ 2.6 ಮಿ.ಮೀ. ಆಗುತ್ತದೆ, 2.1 ಮೀಟರ್ ಎತ್ತರದ ಬಾಗಿಲು 24 ಮಿ.ಮೀ.

ಇನ್ನು ವಿದ್ಯುತ್ತು. ಸಾಮಾನ್ಯ ಮಾದರಿ ರೈಲು 12 ವೋಲ್ಟ್ ನೇರ ಪ್ರವಾಹದಿಂದ ಓಡುತ್ತದೆ. ಒಂದು ಹಳಿ ಧನ, ಇನ್ನೊಂದು ಋಣ. ವೋಲ್ಟೇಜ್ ಏರಿಸಿದರೆ ವೇಗ ಏರುತ್ತದೆ. ಧನ-ಋಣ ಅದಲುಬದಲಾದರೆ ರೈಲು ಹಿಂದಕ್ಕೆ ಹೋಗುತ್ತದೆ. ಪಿಯುಸಿ ವಿದ್ಯಾರ್ಥಿಗಳಿಗೆ ಇಲ್ಲೊಂದು ಒಗಟು: ಹಳಿಯನ್ನು ಉರುಳಿನಂತೆ ಸುತ್ತಿಸಿ ಬಂದ ದಾರಿಗೇ ಸೇರಿಸಿದರೆ ಏನಾಗುತ್ತದೆ? ಕಾಗದದ ಮೇಲೆ ಬರೆದು ನೋಡಿ. ಎಡ ಹಳಿ ತಿರುಗಿ ಬಂದು ಬಲ ಹಳಿಯನ್ನು ಮುಟ್ಟುತ್ತದೆ. ಶಾರ್ಟ್ ಸರ್ಕ್ಯೂಟ್! ಉರುಳಿನ ಎರಡೂ ತುದಿಗಳಲ್ಲಿ ಹಳಿಗಳನ್ನು ಕತ್ತರಿಸಿ, ಆ ಭಾಗಕ್ಕೆ ಬೇರೆ ಸ್ವಿಚ್ಚು ಕೊಡುವುದು ಇದಕ್ಕೆ ಪರಿಹಾರ. 1990ರ ದಶಕದಿಂದ ಬಂದಿರುವ ಡಿಜಿಟಲ್ ಪದ್ಧತಿಯಲ್ಲಿ ಪ್ರತಿ ಎಂಜಿನ್ನಿನೊಳಗೂ ಒಂದು ಚಿಪ್ಪು ಕುಳಿತಿದ್ದು, ತನ್ನ ಹೆಸರಿಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ಹೀಗಾಗಿ ಒಂದೇ ಹಳಿಯ ಮೇಲೆ ಹಲವು ರೈಲುಗಳನ್ನು ಬೇರೆಬೇರೆ ವೇಗದಲ್ಲಿ ಓಡಿಸಬಹುದು.

ಬೆಂಕಿಯಲ್ಲಿ ಹೋದದ್ದು, ಚಿತ್ರದಲ್ಲಿ ಉಳಿದದ್ದು

ಈ ಹವ್ಯಾಸದ ಇತಿಹಾಸದಲ್ಲಿ ಮರೆಯಲಾಗದ ಹೆಸರು ಅಮೆರಿಕದ ಜಾನ್ ಅಲೆನ್. ವೃತ್ತಿಯಿಂದ ಛಾಯಾಗ್ರಾಹಕ. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿ ಎಚ್‌ಓ ಪ್ರಮಾಣದ ರೈಲ್ವೆಯೊಂದನ್ನು ವರ್ಷಗಟ್ಟಲೆ ಕಟ್ಟಿದ. ನೆಲದಿಂದ ಛಾವಣಿಯವರೆಗೆ ಬೆಟ್ಟಗಳು, ಕಂದರಗಳ ಮೇಲೆ ಸೇತುವೆಗಳು. ಜಾಗ ಹೆಚ್ಚಿರುವಂತೆ ಕಾಣಲು ಅಲ್ಲಲ್ಲಿ ಕನ್ನಡಿಗಳನ್ನು ಅಡಗಿಸಿದ್ದ. ತಮಾಷೆಯ ಸ್ವಭಾವದವನೂ ಹೌದು. ಅವನ ರೈಲ್ವೆಯಲ್ಲಿ ಗಾಡಿಗಳನ್ನು ಎಳೆಯಲು ಎಮ್ಮಾ ಎಂಬ ಡೈನೋಸಾರ್ ಇತ್ತು!

ಅವನು ತೆಗೆದ ಚಿತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾಗಿ ಅನೇಕರನ್ನು ಈ ಹವ್ಯಾಸಕ್ಕೆ ಎಳೆದವು. 1973ರ ಜನವರಿಯಲ್ಲಿ ಅಲೆನ್ ಹೃದಯಾಘಾತದಿಂದ ತೀರಿಕೊಂಡ. ಹತ್ತು ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು, ಅವನ ಬಾಳಿನ ದುಡಿಮೆ ಬಹುಪಾಲು ನಾಶವಾಯಿತು. ಇಂದು ನಾವು ಅದನ್ನು ನೋಡಲು ಸಾಧ್ಯವಾಗಿರುವುದು ಅವನ ಕ್ಯಾಮೆರಾದಿಂದ.

ಮಾದರಿಯ ಚಿತ್ರ ತೆಗೆಯುವುದು ಕಾಣುವಷ್ಟು ಸುಲಭವಲ್ಲ. 30 ಸೆಂ.ಮೀ. ದೂರದಿಂದ ಕ್ಲಿಕ್ಕಿಸಿದರೆ ನಿಜವಾದ ರೈಲನ್ನು 26 ಮೀಟರ್ ದೂರದಿಂದ ನೋಡಿದಂತಿರಬೇಕು. ಆದರೆ ಮಸೂರ ಇಷ್ಟು ಸಮೀಪ ಬಂದಾಗ ಎಂಜಿನ್ನಿನ ಮುಂಭಾಗ ಮಾತ್ರ ಸ್ಪಷ್ಟವಾಗಿ, ಹಿಂದಿನ ಬೋಗಿಗಳು ಮಸುಕಾಗುತ್ತವೆ. ಇದಕ್ಕೆ ಮಸೂರದ ರಂಧ್ರವನ್ನು ಬಹಳ ಕಿರಿದು ಮಾಡಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ಇಟ್ಟು, ಹೆಚ್ಚು ಹೊತ್ತು ಬೆಳಕು ಬೀಳಿಸುವುದು ಹಳೆಯ ಉಪಾಯ. ಈಗ ಬೇರೆಬೇರೆ ದೂರಕ್ಕೆ ಹೊಂದಿಸಿ ತೆಗೆದ ಹತ್ತಾರು ಚಿತ್ರಗಳ ಸ್ಪಷ್ಟ ಭಾಗಗಳನ್ನು ಕಂಪ್ಯೂಟರಿನಲ್ಲಿ ಒಂದುಗೂಡಿಸುತ್ತಾರೆ.

ಮೊಬೈಲ್ ಫೋನಿನ ಮಸೂರ ತೀರ ಚಿಕ್ಕದಾದ್ದರಿಂದ ಈ ಕೆಲಸಕ್ಕೆ ಅದೂ ಒಳ್ಳೆಯದೇ. ಆದರೆ ಮೇಲಿನಿಂದ ತೆಗೆಯಬೇಡಿ. 1.6 ಮೀಟರ್ ಎತ್ತರದಲ್ಲಿರುವ ಮನುಷ್ಯನ ಕಣ್ಣು ಮಾದರಿಯಲ್ಲಿ 18 ಮಿ.ಮೀ. ಎತ್ತರದಲ್ಲಿರುತ್ತದೆ. ಫೋನನ್ನು ತಲೆಕೆಳಗಾಗಿ ಹಿಡಿದು ಮಸೂರವನ್ನು ಮೇಜಿಗೆ ತಾಗುವಂತೆ ಇಟ್ಟರೆ ಪ್ಲಾಟ್‌ಫಾರಂ ಮೇಲೆ ನಿಂತವನ ನೋಟ ಸಿಗುತ್ತದೆ. ದೀಪ ಒಂದೇ ದಿಕ್ಕಿನಿಂದ ಬರಲಿ. ಎರಡು ನೆರಳು ಬಿದ್ದರೆ ಆಕಾಶದಲ್ಲಿ ಎರಡು ಸೂರ್ಯರಿದ್ದಂತಾಗುತ್ತದೆ.

ಪ್ರದರ್ಶನಗಳ ಲೋಕ

ಬ್ರಿಟನ್ನಿನಲ್ಲಿ ವಾರಾಂತ್ಯಗಳಲ್ಲಿ ಶಾಲೆ, ಚರ್ಚುಗಳ ಸಭಾಂಗಣಗಳಲ್ಲಿ ಮಾದರಿ ರೈಲ್ವೆ ಪ್ರದರ್ಶನಗಳು ನಡೆಯುತ್ತವೆ. ಹವ್ಯಾಸಿಗಳು ತಮ್ಮ ರೈಲ್ವೆಯನ್ನು ಹಲಗೆ ಹಲಗೆಯಾಗಿ ಬಿಚ್ಚಿ ವ್ಯಾನಿನಲ್ಲಿ ತಂದು, ಅಲ್ಲಿ ಬೋಲ್ಟು ಹಾಕಿ ಜೋಡಿಸುತ್ತಾರೆ. ಎರಡು ಹಲಗೆ ಕೂಡುವಲ್ಲಿ ಹಳಿ ಅರ್ಧ ಮಿಲಿಮೀಟರ್ ಸರಿದರೂ ರೈಲು ಹಳಿ ತಪ್ಪುತ್ತದೆ. ದೃಶ್ಯದ ಹಿಂದೆ ಮರೆಯಲ್ಲಿ ಮುಂದಿನ ರೈಲುಗಳನ್ನು ಜೋಡಿಸಿಕೊಳ್ಳುವ ಜಾಗವೊಂದಿರುತ್ತದೆ. ನಮ್ಮ ಯಕ್ಷಗಾನದ ಚೌಕಿ ಇದ್ದಂತೆ. ಅಲ್ಲಿ ಸಿದ್ಧವಾಗಿ, ಸುರಂಗದಿಂದ ರಂಗಸ್ಥಳಕ್ಕೆ ಬರುವುದು. ಮಕ್ಕಳಿಗೆ ಪ್ರಿಯನಾದ 'ಥಾಮಸ್' ಎಂಜಿನ್ನಿನ ಕಥೆಗಳನ್ನು ಬರೆದ ಪಾದ್ರಿ ವಿಲ್ಬರ್ಟ್ ಆಡ್ರಿ ಕೂಡ ತನ್ನ ಮಾದರಿ ರೈಲ್ವೆಯನ್ನು ಇಂಥ ಪ್ರದರ್ಶನಗಳಿಗೆ ಒಯ್ಯುತ್ತಿದ್ದವನೇ.

ಕಾಯಂ ಪ್ರದರ್ಶನಗಳೂ ಇವೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ 2001ರಲ್ಲಿ ಅವಳಿ ಸಹೋದರರು ಆರಂಭಿಸಿದ 'ಮಿನಿಯಾಟೂರ್ ವುಂಡರ್‌ಲಾಂಡ್'ನಲ್ಲಿ ಸಾವಿರಕ್ಕೂ ಹೆಚ್ಚು ರೈಲುಗಳಿವೆ. 2011ರಲ್ಲಿ ವಿಮಾನ ನಿಲ್ದಾಣವೂ ಸೇರಿತು. ಅಲ್ಲಿ ಪುಟ್ಟ ವಿಮಾನಗಳು ಏರಿ ಇಳಿಯುತ್ತವೆ. ನಮಗೆ ಹತ್ತಿರದ ಪುಣೆಯ ಕೊಥ್ರುಡ್‌ನಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲ್ವೆ ವಸ್ತುಸಂಗ್ರಹಾಲಯವಿದೆ.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯ ಪೆಂಡನ್ ವಸ್ತುಸಂಗ್ರಹಾಲಯ. 1925ರಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬ ಯುವಕ ಅಲ್ಲಿನ ಹುಲ್ಲುಮಾಡಿನ ಹಳ್ಳಿಮನೆಗಳಿಗೆ ಮನಸೋತ. ಆದರೆ ಅವು ಕಣ್ಣೆದುರೇ ಬದಲಾಗುತ್ತಿದ್ದವು. ತಡೆಯುವುದು ತನ್ನ ಕೈಯಲ್ಲಿಲ್ಲ ಎಂದರಿತು, ಇದ್ದದ್ದನ್ನು ಇದ್ದಂತೆಯೇ ಅಳೆದು ಮಾದರಿ ಮಾಡಲು ನಿಶ್ಚಯಿಸಿದ. ಅವನೂ ಅವನನ್ನು ಸೇರಿಕೊಂಡ ಸ್ವಯಂಸೇವಕರೂ 1930ರ ದಶಕದ ಆ ಕಣಿವೆಯನ್ನು ಮನೆ, ತೋಟ, ರೈಲು ಸಹಿತ ಒಂದು ಅಡಿಗೆ 4 ಮಿ.ಮೀ. ಪ್ರಮಾಣದಲ್ಲಿ ಕಟ್ಟಿದರು.

ನಮ್ಮಲ್ಲೇನಾಯಿತು? ದೇಶದಲ್ಲೆಲ್ಲ ಒಂದೇ ಗೇಜ್ ಇರಬೇಕೆಂಬ ಯೋಜನೆ 1992ರಲ್ಲಿ ಆರಂಭವಾಯಿತು. ಅದರಿಂದ ಅನುಕೂಲವಾದದ್ದು ನಿಜ. 1979ರಲ್ಲಿ ಪೂರ್ಣಗೊಂಡಿದ್ದ ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ ಬ್ರಾಡ್‌ಗೇಜ್ ಆಗಿ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು. ಸಕಲೇಶಪುರದ ಘಟ್ಟದ 57 ಸುರಂಗಗಳಲ್ಲಿ ಮೀಟರ್‌ಗೇಜ್ ಗಾಡಿಯಲ್ಲಿ ಹೋದವರು ಈಗಲೂ ನಮ್ಮ ನಡುವೆ ಇದ್ದಾರೆ. ಅವರ ನೆನಪು ಇರುವಾಗಲೇ ಕೇಳಿ ಬರೆದುಕೊಂಡು, ಇನ್ನೂ ನಿಂತಿರುವ ಹಳೆಯ ಕಟ್ಟಡಗಳನ್ನು ಅಳೆದಿಟ್ಟರೆ ಮುಂದಿನವರಿಗೆ ಏನಾದರೂ ಉಳಿದೀತು.

ಬೆಂಕಿಪೊಟ್ಟಣದ ಷಂಟಿಂಗ್

ಕಾಸು ಖರ್ಚಿಲ್ಲದೆ ಇಂದೇ ಮಾಡಬಹುದಾದ ಆಟ ಒಂದಿದೆ. ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ಇದಕ್ಕೆ 'ಇಂಗಲ್‌ನುಕ್' ಎಂದು ಹೆಸರು. ಒಂದೇ ಹಳಿ ಕವಲೊಡೆದು ಮೂರು ಹಳಿಗಳಾಗುವಂತೆ ಕಾಗದದ ಮೇಲೆ ಗೆರೆ ಎಳೆಯಿರಿ. ಮೊದಲ ಕವಲಿನಲ್ಲಿ 5 ವ್ಯಾಗನ್, ಉಳಿದೆರಡರಲ್ಲಿ 3-3 ವ್ಯಾಗನ್ ಹಿಡಿಸಬೇಕು. ಕವಲಿನ ಮುಂದಿನ ಒಂಟಿ ಹಳಿಯಲ್ಲಿ ಎಂಜಿನ್ ಮತ್ತು 3 ವ್ಯಾಗನ್‌ಗೆ ಮಾತ್ರ ಜಾಗ. ಎಂಟು ಬೆಂಕಿಪೊಟ್ಟಣಗಳಿಗೆ 1ರಿಂದ 8ರವರೆಗೆ ಅಂಕಿ ಹಾಕಿ, ಉದ್ದದ ಹಳಿಯಲ್ಲಿ ಐದನ್ನೂ ಚಿಕ್ಕದೊಂದರಲ್ಲಿ ಮೂರನ್ನೂ ನಿಲ್ಲಿಸಿ. ಈಗ ಚೀಟಿ ಎತ್ತಿ ಐದು ಅಂಕಿ ಆರಿಸಿ. ಅದೇ ಕ್ರಮದಲ್ಲಿ ಆ ಐದು ವ್ಯಾಗನ್‌ಗಳನ್ನು ಉದ್ದದ ಹಳಿಯಲ್ಲಿ ಜೋಡಿಸಬೇಕು. ಕೈಯಿಂದ ಎತ್ತಿಡುವಂತಿಲ್ಲ, ಎಂಜಿನ್ನಿನಿಂದ ಎಳೆದು, ತಳ್ಳಿಯೇ ಮಾಡಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸುವ ವಿಧಗಳು 8 × 7 × 6 × 5 × 4, ಅಂದರೆ 6,720. ದಿನಕ್ಕೊಂದು ಆಡಿದರೂ ಹದಿನೆಂಟು ವರ್ಷ ಬೇಕು!

ತಂದೆತಾಯಿಗಳಿಗೆ ಒಂದು ಮಾತು

"ಇದರಿಂದ ಮಾರ್ಕ್ಸ್ ಬರುತ್ತದೆಯೇ?" ಎಂದು ನೀವು ಕೇಳುವುದು ಸಹಜ. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ಮಾದರಿ ರೈಲ್ವೆ ಕ್ಲಬ್ ಕಟ್ಟಿದರು. ಅದರಲ್ಲೊಂದು ಗುಂಪು ಹಲಗೆಯ ಮೇಲಿನ ಬೆಟ್ಟ, ಮನೆಗಳಿಗಿಂತ ಹಲಗೆಯ ಕೆಳಗಿನ ತಂತಿ, ಟೆಲಿಫೋನ್ ರಿಲೇಗಳಲ್ಲೇ ಮುಳುಗಿರುತ್ತಿತ್ತು. ಸಂಸ್ಥೆಗೆ ಕಂಪ್ಯೂಟರ್ ಬಂದಾಗ ಅದರ ಮುಂದೆ ರಾತ್ರಿಯೆಲ್ಲ ಕುಳಿತವರೂ ಇವರೇ. 1962ರಲ್ಲಿ 'ಸ್ಪೇಸ್‌ವಾರ್' ಎಂಬ ಆರಂಭಕಾಲದ ಕಂಪ್ಯೂಟರ್ ಆಟ ಬರೆದ ಸ್ಟೀವ್ ರಸೆಲ್ ಈ ಕ್ಲಬ್ಬಿನವನು.

ನಿಮ್ಮ ಮಕ್ಕಳೆಲ್ಲ ಹಾಗಾಗುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಅಳೆಯುವುದು, ಲೆಕ್ಕ ಹಾಕುವುದು, ತಪ್ಪಿದ್ದನ್ನು ಬಿಚ್ಚಿ ಮತ್ತೆ ಜೋಡಿಸುವುದು, ತಿಂಗಳುಗಟ್ಟಲೆ ಒಂದೇ ಕೆಲಸದ ಹಿಂದೆ ಬೀಳುವುದು ಇವೆಲ್ಲ ಟ್ಯೂಷನ್ನಿನಲ್ಲಿ ಸಿಗುವುದಿಲ್ಲ. ಒಂದು ಮೇಜನ್ನೂ ಭಾನುವಾರದ ಮಧ್ಯಾಹ್ನವನ್ನೂ ಅವರಿಗೆ ಬಿಟ್ಟುಕೊಡಿ. ಕತ್ತರಿ, ಬೆಸುಗೆ ಕಡ್ಡಿ ಹಿಡಿಯುವಾಗ ಜೊತೆಯಲ್ಲಿರಿ.

ವಿದ್ಯಾರ್ಥಿಗಳೇ, ನೀವು ರಜೆಯಲ್ಲಿ ನಿಮ್ಮೂರಿನ ಅಥವಾ ಹತ್ತಿರದ ರೈಲು ನಿಲ್ದಾಣಕ್ಕೆ ಹಿರಿಯರೊಡನೆ ಹೋಗಿ. ಹಳಿಗೆ ಇಳಿಯಬೇಡಿ. ಸ್ಟೇಷನ್ ಮಾಸ್ತರರ ಅನುಮತಿ ಪಡೆದು ಕಟ್ಟಡದ ಉದ್ದ, ಅಗಲ, ಬಾಗಿಲು, ಕಿಟಕಿಗಳನ್ನು ಟೇಪಿನಿಂದ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳಿ. ಹಳೆಯ ಎಂಜಿನ್ನುಗಳನ್ನು ಹತ್ತಿರದಿಂದ ನೋಡಬೇಕಾದರೆ 1979ರಿಂದ ಇರುವ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ. ಮನೆಗೆ ಬಂದು ಎಲ್ಲ ಅಳತೆಗಳನ್ನೂ 87ರಿಂದ ಭಾಗಿಸಿ, ರಟ್ಟು ಕತ್ತರಿಸಲು ಶುರು ಮಾಡಿ. ಮುಂದಿನ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಜ್ವಾಲಾಮುಖಿಗಳ ಸಾಲಿನ ನಡುವೆ ನಿಮ್ಮೂರ ನಿಲ್ದಾಣವೂ ಇರಲಿ.