ಐವತ್ತರೊಳಗೆ ಯಾರು, ಹೊರಗೆ ಯಾರು?

ಮಂಡ್ಯ ಸೀಮೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಡೋದಕ್ಕೆ ಕಾರಣಗಳ ಬರ ಎಂದೂ ಇರಲಿಲ್ಲ. ಗದ್ದೆ ಬದು ಇದೆ, ನಾಲೆ ನೀರಿದೆ, ಪಂಚಾಯ್ತಿ ಎಲೆಕ್ಷನ್ ಇದೆ. 2020ರಲ್ಲಿ ಇನ್ನೊಂದು ಸೇರಿಕೊಂಡಿತು. ಅದನ್ನು ಕೊಟ್ಟದ್ದು ಸಾಕ್ಷಾತ್ ಸರ್ಕಾರ. ಮದುವೆಗೆ ಐವತ್ತೇ ಜನ ಅನ್ನುವ ಆರ್ಡರು.

ಕೊರೊನಾದ ಅಬ್ಬರ ಮುಗಿದು ವರ್ಷಗಳಾದವು. ವಿಶ್ವ ಆರೋಗ್ಯ ಸಂಸ್ಥೆಯವರು 2023ರ ಮೇ 5ರಂದು ಜಗತ್ತಿನ ಆರೋಗ್ಯ ತುರ್ತು ಪರಿಸ್ಥಿತಿ ಮುಗಿಯಿತು ಅಂತ ಸಾರಿಬಿಟ್ಟರು. ನಮ್ಮ ಹಳ್ಳಿಗಳ ಜಗಲಿಯ ಮೇಲೆ ಕೂತು ಕೇಳಿ ನೋಡಿ, ಅಲ್ಲಿ ಇನ್ನೂ ಮುಗಿದಿಲ್ಲ. ಯಾರು ಕರೆದರು, ಯಾರು ಕರೆಯಲಿಲ್ಲ, ಯಾರು ಬಂದರು, ಯಾರು ಬಾಗಿಲು ಹಾಕಿಕೊಂಡರು ಅನ್ನೋ ಲೆಕ್ಕ ಇವತ್ತಿಗೂ ನಡೆಯುತ್ತಿದೆ.

ಲೆಕ್ಕ ಅಂದರೆ ಬರೀ ಬಾಯಿಮಾತಲ್ಲ ಸ್ವಾಮಿ, ಪುಸ್ತಕದಲ್ಲಿರುವ ಲೆಕ್ಕ. ಬೀಗರ ಊಟದ ದಿನ ಪೆಂಡಾಲಿನ ಬಾಗಿಲಲ್ಲಿ ಒಂದು ಮೇಜು, ಅದರ ಮೇಲೆ ಒಂದು ತಟ್ಟೆ, ಪಕ್ಕದಲ್ಲಿ ನೋಟ್‌ಬುಕ್ ಹಿಡಿದ ಅಕ್ಷರ ದುಂಡಗಿರುವ ಒಬ್ಬ ಹುಡುಗ. ಉಂಡು ಕೈ ತೊಳೆದವರು ಬಂದು ಮುಯ್ಯಿ ಬರೆಸುತ್ತಾರೆ. ಇಂಥ ಊರು, ಇಂಥವರ ಮಗ ಇಂಥವರು, ಇಷ್ಟು ರೂಪಾಯಿ. ಮುಂದೆ ಅವರ ಮನೆಯಲ್ಲಿ ಮದುವೆಯಾದಾಗ ಇವರು ಪುಸ್ತಕ ತೆಗೆದು ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ ವಾಪಸು ಹಾಕಬೇಕು. ಬ್ಯಾಂಕಿನ ಮುಖ ನೋಡದ ಎಷ್ಟೋ ಸಂಸಾರಗಳು ಹೆಣ್ಣುಮಕ್ಕಳ ಮದುವೆ ಸಾಲ ತೀರಿಸಿರುವುದು ಇದೇ ದುಡ್ಡಿನಿಂದ. ಇಪ್ಪತ್ತು ವರ್ಷ ಊರೂರಿಗೆ ಹೋಗಿ ಹಾಕಿ ಬಂದದ್ದು ಒಂದೇ ಮಧ್ಯಾಹ್ನ ಮನೆಗೆ ಬರುತ್ತದೆ. ಚೀಟಿ ಇದ್ದ ಹಾಗೆ ಅನ್ನಿ. ಕನ್ನಡದಲ್ಲಿ ಮುಯ್ಯಿ ತೀರಿಸಿಕೊಂಡ ಅಂದರೆ ಸೇಡು ತೀರಿಸಿಕೊಂಡ ಅಂತಲೂ ಆಗುತ್ತದೆ. ಹಿರಿಯರು ಎರಡಕ್ಕೂ ಒಂದೇ ಮಾತು ಇಟ್ಟಿದ್ದು ಸುಮ್ಮನೆ ಅಲ್ಲ.

ಇಂಥ ಜಿಲ್ಲೆಗೆ ಐವತ್ತು ಜನದ ಆರ್ಡರು ಬಂತು. 2020ರ ಮಾರ್ಚ್ 25, ಯುಗಾದಿ ದಿನವೇ ದೇಶಕ್ಕೆಲ್ಲ ಬೀಗ. ಮಾರನೆಯ ದಿನದ ಹೊಸತೊಡಕಿಗೆ ಮಗಳು ಅಳಿಯ ಬರಲಿಲ್ಲ. ಕೋಳಿ ತಿಂದರೆ ಕೊರೊನಾ ಬರುತ್ತೆ ಅನ್ನುವ ಪುಕಾರು ಬೇರೆ ಮೊದಲೇ ಎದ್ದಿತ್ತು. ಊರ ಬಾಗಿಲಿಗೆ ಮುಳ್ಳು, ಕಲ್ಲು, ಮರದ ದಿಮ್ಮಿ ಅಡ್ಡ ಹಾಕಿ ‘ಹೊರಗಿನವರಿಗೆ ಪ್ರವೇಶವಿಲ್ಲ’ ಅಂತ ಬೋರ್ಡು ಬರೆದರು. ಮೇ ತಿಂಗಳಿಗೆ ಕೊಂಚ ಸಡಿಲವಾಗಿ, ಮದುವೆಗೆ 50 ಜನ, ಶವಸಂಸ್ಕಾರಕ್ಕೆ 20 ಜನ ಅಂತ ಕೇಂದ್ರದಿಂದ ನಿಯಮ ಬಂತು.

ಈ ನಿಯಮ ತಪ್ಪು ಅಂತ ನಾನು ಬರೆಯುತ್ತಿಲ್ಲ. ರೋಗ ಹರಡುವುದೇ ಮುಚ್ಚಿದ ಜಾಗದಲ್ಲಿ, ಹತ್ತಿರ ಕೂತು ಜೋರಾಗಿ ಮಾತಾಡುವಾಗ. ಮಾಸ್ಕು ಹಾಕಿಕೊಂಡು ಮುದ್ದೆ ನುಂಗೋಕಾಗುತ್ತಾ? ಛತ್ರದ ಊಟದ ಪಂಕ್ತಿಗಿಂತ ಒಳ್ಳೆ ಜಾಗ ಆ ವೈರಸ್ಸಿಗೆ ಇನ್ನೆಲ್ಲಿ ಸಿಕ್ಕೀತು? ಆದರೆ ನಿಯಮ ಮಾಡಿದವರ ನಡವಳಿಕೆಯನ್ನೂ ಜನ ನೋಡಿದ್ದಾರೆ. ದೊಡ್ಡ ಮದುವೆ ಬೇಡ ಅಂತ 2020ರ ಮಾರ್ಚ್ 13ರಂದು ಹೇಳಿದ ಮುಖ್ಯಮಂತ್ರಿ ಯಡಿಯೂರಪ್ಪನವರು, ಎರಡೇ ದಿನ ಬಿಟ್ಟು 15ನೇ ತಾರೀಕು ಬೆಳಗಾವಿಯಲ್ಲಿ ವಿಧಾನ ಪರಿಷತ್ ಸದಸ್ಯರೊಬ್ಬರ ಮಗಳ ಮದುವೆಗೆ ಹೋಗಿ ಅಕ್ಷತೆ ಹಾಕಿ ಬಂದರು. ಅಲ್ಲಿ ಸೇರಿದ್ದವರು ನೂರಲ್ಲ, ಸಾವಿರಗಟ್ಟಲೆ. ನಮ್ಮ ಹಳ್ಳಿಯವನು ಮಾತ್ರ ಬೆರಳು ಮಡಿಚಿ ಎಣಿಸುತ್ತ ಕೂತ.

ಅಜ್ಜಿಗೂ ಜಾಗವಿಲ್ಲ

ಎಣಿಸಿ ನೋಡಿ, ಆಗ ಗೊತ್ತಾಗುತ್ತೆ ಕಷ್ಟ. ಐವತ್ತರಲ್ಲಿ ಗಂಡಿನ ಕಡೆಗೆ ಇಪ್ಪತ್ತೈದು, ಹೆಣ್ಣಿನ ಕಡೆಗೆ ಇಪ್ಪತ್ತೈದು. ಪುರೋಹಿತರು, ಓಲಗದವರು, ಅಡುಗೆಯವರು, ಫೋಟೋದವನು ಈ ಲೆಕ್ಕದ ಒಳಗೋ ಹೊರಗೋ ಅಂತ ಪ್ರತಿ ಮನೆಯಲ್ಲೂ ತಕರಾರು. ಸೋದರಮಾವನನ್ನು ಬಿಡೋ ಹಾಗಿಲ್ಲ. ದೊಡ್ಡಪ್ಪ ಬಂದರೆ ಚಿಕ್ಕಪ್ಪ ಬರಬೇಕು. ಒಬ್ಬ ಅತ್ತೆಯನ್ನು ಕರೆದು ಇನ್ನೊಬ್ಬ ಅತ್ತೆಯನ್ನು ಬಿಟ್ಟರೆ ಮುಗೀತು. ಇದರ ಮೇಲೆ ಅರವತ್ತೈದು ದಾಟಿದವರು, ಬಸುರಿಯರು, ಹತ್ತು ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕು ಅಂತ ಸರ್ಕಾರದ ಸಲಹೆ. ಅಂದರೆ ಎತ್ತಿ ಆಡಿಸಿದ ಅಜ್ಜಿ ಮೊಮ್ಮಗಳ ಧಾರೆ ನೋಡುವ ಹಾಗಿಲ್ಲ. ಮೊಬೈಲಿನಲ್ಲಿ ತೋರಿಸಿದರು. ಕಣ್ಣು ಮಂಜಾದ ಮುದುಕಿ ಅದರಲ್ಲಿ ಏನು ಕಂಡಳೋ.

ಮೊದಲೆಲ್ಲ ಸಾವಿರ ಲಗ್ನಪತ್ರಿಕೆ ಹೊಡೆಸಿ ಊರಿಗೆಲ್ಲ ಹಂಚುತ್ತಿದ್ದರು. ಸಾವಿರ ಜನರಲ್ಲಿ ಯಾರು ಎಷ್ಟು ಹತ್ತಿರ ಅನ್ನೋದು ಮುಚ್ಚಿಹೋಗುತ್ತಿತ್ತು. ನಿಜ ಹೇಳಬೇಕೆಂದರೆ ದೊಡ್ಡ ಮದುವೆಯ ದೊಡ್ಡ ಉಪಕಾರ ಅದೇ. ಐವತ್ತು ಅಂದಾಗ ಮನಸ್ಸಿನಲ್ಲಿದ್ದ ಪಟ್ಟಿ ಹಾಳೆಯ ಮೇಲೆ ಬಂತು, ಹೊರಗಿದ್ದವರ ಕಣ್ಣಿಗೂ ಬಿತ್ತು.

ಮದ್ದೂರು ಕಡೆಯ ಒಂದು ಮನೆ. ಹೆಸರು ಬೇಡ, ಊರೂ ಬೇಡ, ಅಲ್ಲಿಯವರಿಗೆ ಗೊತ್ತೇ ಇದೆ. ತಮ್ಮನ ಮಗಳ ಮದುವೆ 2020ರಲ್ಲಿ ಆಷಾಢಕ್ಕೆ ಮುಂಚೆ ಆಯಿತು. ಅಣ್ಣನಿಗೆ ಆಗ ಅರವತ್ತೇಳು. ‘ಸರ್ಕಾರದ ಆರ್ಡರು, ವಯಸ್ಸಾದವರಿಗೆ ಆಗಬಾರದ್ದು ಆದರೆ ಯಾರು ಜವಾಬ್ದಾರಿ?’ ಅಂತ ತಮ್ಮ ಕರೆಯಲಿಲ್ಲ. ಮಾತು ಸರಿಯಾಗೇ ಇದೆ. ಆದರೆ ಬೆಂಗಳೂರಿನಿಂದ ಷಡ್ಡಕ ಕಾರಿನಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಫೋಟೋದಲ್ಲಿ ಕಾಣುತ್ತದೆ. ಅಣ್ಣ ಇವತ್ತಿಗೂ ಹೇಳುವುದು ಒಂದೇ ಮಾತು: ‘ನಾನು ಅವನ ಐವತ್ತರೊಳ್ಗೆ ಬರ್ನಿಲ್ಲ ಕಣಪ್ಪ. ಬುಡು.’

ತಮ್ಮನ ಕಷ್ಟ ತಮ್ಮನಿಗೆ. ಬೀಗರ ಊಟ ಇಲ್ಲ ಅಂದ ಮೇಲೆ ಮುಯ್ಯಿಯೂ ಇಲ್ಲ. ಹದಿನೆಂಟು ವರ್ಷದಿಂದ ಹಾಕಿದ ದುಡ್ಡು ಪುಸ್ತಕದಲ್ಲೇ ಉಳಿಯಿತು. ಒಡವೆಗೆ ಮಾಡಿದ ಸಾಲಕ್ಕೆ ಬಡ್ಡಿ ಮಾತ್ರ ನಿಲ್ಲಲಿಲ್ಲ, ಅದಕ್ಕೆ ಲಾಕ್‌ಡೌನ್ ಇರಲಿಲ್ಲವಲ್ಲ. ಬಾಕಿ ಕೇಳೋಕೆ ಆಗುತ್ತಾ? ಕೇಳಿದರೆ ಅದು ಮುಯ್ಯಿ ಅಲ್ಲ, ವಸೂಲಿ. ಕೆಲವರು ತಾವಾಗಿಯೇ ಮನೆಗೆ ಬಂದು ಕವರು ಕೊಟ್ಟು ಹೋದರಂತೆ. ಇನ್ನು ಕೆಲವರು ‘ಕರೀನಿಲ್ಲ, ಉಣ್ಣಿಸ್ನಿಲ್ಲ, ಮುಯ್ಯಿ ಯಾಕೆ?’ ಅಂದರು. ಅದಕ್ಕೂ ಜವಾಬಿಲ್ಲ.

ಮುಂಬೈನಿಂದ ಬಂದ ಮಕ್ಕಳದು ಇನ್ನೊಂದು ಪಾಡು. ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ದುಡಿಯಲು ಹೋದವರು 2020ರ ಮೇ ತಿಂಗಳಲ್ಲಿ ವಾಪಸು ಬಂದರು, ಜಿಲ್ಲೆಯ ಕೇಸುಗಳ ಸಂಖ್ಯೆ ಸರ್ರನೆ ಏರಿತು. ಹಬ್ಬಕ್ಕೆ ದುಡ್ಡು ಕಳಿಸುವಾಗ ‘ನಮ್ಮ ಬೊಂಬಾಯಿ ಹುಡುಗ’ ಆಗಿದ್ದವನು ಹಾಸ್ಟೆಲಿನ ಕ್ವಾರಂಟೈನಿನಲ್ಲಿ ಕೂತಾಗ ಊರಿಗೇ ರೋಗ ತಂದವನಾದ. ದಿನ ಮುಗಿಸಿ ಮನೆಗೆ ಬಂದರೂ ಹಾಲಿನ ಡೈರಿ ಹತ್ತಿರ ಜನ ದೂರ ಸರಿಯುತ್ತಿದ್ದರು. ಅವನ ತಾಯಿಗೂ ಬೋರ್‌ವೆಲ್ ಹತ್ತಿರ ಬಿಂದಿಗೆ ಇಡಲು ಬಿಡದ ಬೀದಿಗಳಿದ್ದವು.

ಐದು ಜನರ ಮಣ್ಣು

ಮದುವೆ ಮಾತು ಹಾಗಿರಲಿ. ನಮ್ಮ ಕಡೆ ಮದುವೆಗೆ ಬಾರದವನನ್ನು ಕ್ಷಮಿಸುತ್ತಾರೆ, ಮಣ್ಣಿಗೆ ಬಾರದವನನ್ನು ಕ್ಷಮಿಸೋದಿಲ್ಲ. ಮಾತು ಬಿಟ್ಟವರೂ ಕೋರ್ಟಿನಲ್ಲಿ ಕೇಸಿರುವವರೂ ಬಂದು ಹಿಡಿ ಮಣ್ಣು ಹಾಕಿ ಹೋಗುವುದು ಪದ್ಧತಿ. ಎಷ್ಟೋ ವ್ಯಾಜ್ಯ ಸ್ಮಶಾನದಲ್ಲೇ ಮುಗಿದದ್ದುಂಟು.

2021ರ ಎರಡನೇ ಅಲೆ ಅದನ್ನೂ ತಿಂದಿತು. ಮೇ 10ರಿಂದ ಜಾರಿಯಾದ ನಿಯಮದಲ್ಲಿ ಮದುವೆಗೆ 40 ಜನ, ಅದೂ ಮನೆಯಲ್ಲೇ. ಶವಸಂಸ್ಕಾರಕ್ಕೆ ಐದೇ ಜನ. ಬೆಳಗ್ಗೆ ಆರರಿಂದ ಹತ್ತರವರೆಗೆ ಅಂಗಡಿ, ಆಮೇಲೆ ರಸ್ತೆಗಿಳಿದರೆ ಲಾಠಿ. ಅದೇ ತಿಂಗಳ ಮೊದಲ ವಾರ ಪಕ್ಕದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಒಂದೇ ರಾತ್ರಿಯಲ್ಲಿ ಆದ ಸಾವುಗಳ ಸುದ್ದಿ ಕೇಳಿ ಆಸ್ಪತ್ರೆ ಅಂದರೇ ಜನ ನಡುಗುವಂತಾಗಿತ್ತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೆಣ. ಸ್ನಾನವಿಲ್ಲ, ಬಾಯಿಗೆ ಹಾಲಿಲ್ಲ, ದೂರದಿಂದ ಮುಖ ನೋಡಿದರೆ ಅದೇ ಪುಣ್ಯ.

ಹೊರುವವರು ಯಾರು? ಎಷ್ಟೋ ಕಡೆ ಹೊತ್ತವರು ಮುಸ್ಲಿಂ ಹುಡುಗರು. ಇದನ್ನು ಬರೆಯಲೇಬೇಕು. 2020ರ ಏಪ್ರಿಲ್‌ನಲ್ಲಿ ದೆಹಲಿಯ ತಬ್ಲಿಗಿ ಸಭೆಯ ಸುದ್ದಿ ಹಬ್ಬಿದಾಗ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸಾಬರು ತರಕಾರಿ, ಹಣ್ಣು ಮಾರಲು ಬರಕೂಡದು ಅಂತ ತಡೆದಿದ್ದರು. ಮುಸಲ್ಮಾನರ ಬಗ್ಗೆ ಯಾರೂ ಒಂದು ಮಾತೂ ಆಡಕೂಡದು ಅಂತ ಯಡಿಯೂರಪ್ಪನವರೇ ಎಚ್ಚರಿಕೆ ಕೊಡಬೇಕಾಯಿತು. ಮಾರನೆಯ ವರ್ಷ ಸ್ವಂತ ನೆಂಟರು ಹತ್ತಿರ ಸುಳಿಯದ ಹೆಣಗಳನ್ನು ಈ ಹುಡುಗರು ಪಿಪಿಇ ಕಿಟ್ ಹಾಕಿಕೊಂಡು ಇಳಿಸಿದರು, ಆಯಾ ಜಾತಿಯ ಶಾಸ್ತ್ರ ಕೇಳಿ ತಿಳಿದು ಮಾಡಿದರು. ಅವರಿಗೆ ಯಾವ ಪುಸ್ತಕದಲ್ಲಿ ಮುಯ್ಯಿ ಬರೆಯೋಣ?

ಬೂದಿಯದೂ ಒಂದು ಕಥೆ. 2021ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕು ಬೆಳಕವಾಡಿ ಹತ್ತಿರ, ಬೆಂಗಳೂರಿನ ಚಿತಾಗಾರಗಳಲ್ಲಿ ವಾರಸುದಾರರು ತೆಗೆದುಕೊಂಡು ಹೋಗದೆ ಉಳಿದಿದ್ದ ನೂರಾರು ಜನರ ಅಸ್ಥಿಯನ್ನು ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಕಾವೇರಿಗೆ ಬಿಟ್ಟರು. ಟಿವಿಯಲ್ಲಿ ನೋಡಿದವರು ‘ಎಂಥ ಮಕ್ಕಳಪ್ಪ’ ಅಂತ ಬೈದದ್ದೇ ಬೈದದ್ದು. ಬೈಯುವುದು ಸುಲಭ. ಆ ಮಕ್ಕಳಲ್ಲಿ ತಾವೇ ಆಸ್ಪತ್ರೆಯಲ್ಲಿ ಮಲಗಿದ್ದವರು ಎಷ್ಟೋ, ಮನೆಯಲ್ಲಿ ಯಾರೂ ಉಳಿಯದವರು ಎಷ್ಟೋ.

ಆ ಮದ್ದೂರು ಕಡೆಯ ಅಣ್ಣನ ಹೆಂಡತಿ ಸತ್ತದ್ದು ಅದೇ ಮೇ ತಿಂಗಳಲ್ಲಿ. ತಮ್ಮ ಮಣ್ಣಿಗೆ ಬರಲಿಲ್ಲ. ಅಣ್ಣನ ಮನೆಯವರು ಹೇಳುವುದು ಇಷ್ಟೇ. ತಮ್ಮನ ಕಡೆಯವರು ಹೇಳುವುದು ಬೇರೆ. ಐದು ಜನದ ಮೇಲೆ ಬಿಡೋಲ್ಲ ಅಂತ ಪೊಲೀಸರು ನಿಂತಿದ್ದರು, ಅತ್ತಿಗೆಯ ಹೆಣ ಇಳಿಸೋವರೆಗೂ ಅವನು ನಾಲೆ ಏರಿ ಮೇಲೆ ಟವೆಲು ಬಾಯಿಗಿಟ್ಟುಕೊಂಡು ನಿಂತೇ ಇದ್ದ ಅಂತ. ಏರಿ ಮೇಲಿನಿಂದ ಆ ಜಾಗ ಕಾಣುತ್ತದೆ, ನಾನೇ ನಿಂತು ನೋಡಿದ್ದೇನೆ. ಅಣ್ಣನಿಗೆ ಈ ಮಾತು ಯಾರೋ ಮುಟ್ಟಿಸಿದ್ದಾರೆ. ‘ನಿಂತಿದ್ನಂತೆ’ ಅನ್ನುತ್ತಾರೆ, ಅಷ್ಟೇ.

2022ರಿಂದ ಛತ್ರಗಳು ಮತ್ತೆ ತುಂಬಿದವು. ಕೊರೊನಾದಲ್ಲಿ ಮದುವೆಯಾದ ಜೋಡಿಗಳ ಬೀಗರ ಊಟ ಮಗುವಿನ ನಾಮಕರಣದ ಜೊತೆ ನಡೆದದ್ದನ್ನೂ ನೋಡಿದೆವು. ಮುಯ್ಯಿ ಮೇಜಿನ ಮೇಲೆ ಈಗ ಫೋನಿನಲ್ಲಿ ದುಡ್ಡು ಹಾಕುವ ಚೌಕದ ಚೀಟಿ ಅಂಟಿಸಿರುತ್ತಾರೆ. ಓಲಗದವರಿಗೆ, ಅಡುಗೆಯವರಿಗೆ ಎರಡು ವರ್ಷ ತಪ್ಪಿದ ಕೂಲಿ ಮಾತ್ರ ಯಾರೂ ಕಟ್ಟಿಕೊಡಲಿಲ್ಲ. ಕಲಾವಿದರಿಗೆ ಅಂತ 2021ರಲ್ಲಿ ಸರ್ಕಾರ 3000 ರೂಪಾಯಿ ಘೋಷಿಸಿತ್ತು. ಒಂದು ಮುಹೂರ್ತದ ತಿಂಗಳ ಬಾಡಿಗೆಗೂ ಸಾಲದು.

ತಮ್ಮನಿಗೆ ಎರಡನೇ ಮಗಳೊಬ್ಬಳಿದ್ದಾಳೆ. ಈ ಸಲ ಅವಳ ಮದುವೆ. ಐವತ್ತಲ್ಲ, ಎಂಟುನೂರು ಪತ್ರಿಕೆ. ಮೊದಲ ಪತ್ರಿಕೆ ದೇವರ ಮುಂದಿಟ್ಟು, ಎರಡನೆಯದನ್ನು ಹಿಡಿದು ಗಂಡ ಹೆಂಡಿರು ಇಬ್ಬರೂ ಅಣ್ಣನ ಮನೆಗೆ ಹೋಗಿದ್ದರು. ಕುಂಕುಮ ಕೊಡಲು ಆ ಮನೆಯಲ್ಲಿ ಹೆಂಗಸರಿಲ್ಲ, ಸೊಸೆ ತವರಿಗೆ ಹೋಗಿದ್ದಳು. ಅಣ್ಣ ಪತ್ರಿಕೆ ಕೈಗೆ ತೆಗೆದುಕೊಂಡರು, ಕೂತ್ಕೊಳ್ಳಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಮದುವೆಗೆ ಇನ್ನು ಹನ್ನೊಂದು ದಿನ ಇದೆ. ಅವರು ಹಳೇ ಟ್ರಂಕಿನಿಂದ ಮುಯ್ಯಿ ಪುಸ್ತಕ ತೆಗೆಸಿ, ತಮ್ಮ ಹಿಂದೆ ಎಷ್ಟು ಹಾಕಿದ್ದ ಅಂತ ಮೊಮ್ಮಗನ ಕೈಲಿ ಓದಿಸಿದರು ಅನ್ನೋವರೆಗೆ ಸುದ್ದಿ ಇದೆ.