ಬಬೂನ್‌ಗಳ ಗುಂಪಿಗೆ ಇಂಗ್ಲಿಷ್‌ನಲ್ಲಿ ‘ಕಾಂಗ್ರೆಸ್’ ಎನ್ನುತ್ತಾರೆಯೇ?

ಇಂಗ್ಲಿಷ್ ಪಾಠದಂತೆ ಕಾಣುವ ಒಂದು ಫಾರ್ವರ್ಡ್ ಹಲವು ವರ್ಷಗಳಿಂದ ಸುತ್ತುತ್ತಲೇ ಇದೆ. ಇಮೇಲ್ ಕಾಲದಲ್ಲಿ ಹುಟ್ಟಿದ್ದು, ಈಗ ಸ್ಮಾರ್ಟ್‌ಫೋನ್‌ಗಳಲ್ಲಿ ಓಡಾಡುತ್ತಿದೆ. ಅದು ನಿಜವೇ ಎಂದು ನೋಡೋಣ.

ಫಾರ್ವರ್ಡ್‌ನಲ್ಲಿ ಏನಿದೆ?

ದನಗಳ ಗುಂಪು ‘ಹರ್ಡ್’, ಸಿಂಹಗಳ ಗುಂಪು ‘ಪ್ರೈಡ್’, ಕಾಗೆಗಳ ಗುಂಪು ‘ಮರ್ಡರ್’, ಗೂಬೆಗಳ ಗುಂಪು ‘ಪಾರ್ಲಿಮೆಂಟ್’ ಎಂದು ಪಟ್ಟಿ ಶುರುವಾಗುತ್ತದೆ. ಆಮೇಲೆ ಬಬೂನ್‌ಗಳ ಸರದಿ. ಮಂಗಗಳ ಕುಲದಲ್ಲೇ ಅತಿ ಗದ್ದಲದ, ಅತಿ ಜಗಳಗಂಟ, ಅತಿ ದಡ್ಡ ಪ್ರಾಣಿ ಇದು ಎಂಬ ವಿವರಣೆಯ ನಂತರ ಕೊನೆಯ ಸಾಲು ಬರುತ್ತದೆ: ಇವುಗಳ ಗುಂಪಿನ ಹೆಸರು ‘ಕಾಂಗ್ರೆಸ್’!

ಇದು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಕಾಂಗ್ರೆಸ್ ಎಂದರೆ ಅವರ ಸಂಸತ್ತು. ತಮ್ಮ ಜನಪ್ರತಿನಿಧಿಗಳನ್ನು ಗೇಲಿ ಮಾಡಲು ಯಾರೋ ಹೆಣೆದ ಮಾತಿದು. ನಮ್ಮ ದೇಶದಲ್ಲಿ ಅದೇ ಹೆಸರಿನ ರಾಜಕೀಯ ಪಕ್ಷವಿದೆ. ಹಾಗಾಗಿ ಈ ಮೆಸೇಜ್ ಇಲ್ಲಿ ಓದುವವರಿಗೆ ಬೇರೆಯೇ ಅರ್ಥ ಕೊಡುತ್ತದೆ. ಒಬ್ಬರು ನಗುತ್ತಾರೆ, ಇನ್ನೊಬ್ಬರು ಸಿಟ್ಟಾಗುತ್ತಾರೆ. ‘ಡಿಕ್ಷನರಿಯಲ್ಲೇ ಇದೆಯಂತೆ’ ಎಂಬ ಮಾತನ್ನು ಮಾತ್ರ ಇಬ್ಬರೂ ಪರೀಕ್ಷಿಸುವುದಿಲ್ಲ.

ಸರಿಯಾದ ಪದ ಯಾವುದು?

ಬಬೂನ್‌ಗಳ ಗುಂಪಿಗೆ ಇಂಗ್ಲಿಷ್‌ನಲ್ಲಿ ‘ಟ್ರೂಪ್’ ಎನ್ನುತ್ತಾರೆ. ಪ್ರಾಣಿವಿಜ್ಞಾನಿಗಳು ಬಳಸುವುದೂ ಇದನ್ನೇ. ಆಫ್ರಿಕಾ ಮತ್ತು ಅರೇಬಿಯಾದ ಬಬೂನ್‌ಗಳಿಗೆ ಮಾತ್ರವಲ್ಲ, ನಮ್ಮೂರಿನ ಕೆಂಪು ಮೂತಿಯ ಕೋತಿಗಳ ಹಿಂಡಿಗೂ, ಮುಸುವಗಳ ಹಿಂಡಿಗೂ ಇದೇ ಪದ ಸಲ್ಲುತ್ತದೆ. ಅಮೆರಿಕದ ಸತ್ಯಶೋಧನಾ ತಾಣ ಪಾಲಿಟಿಫ್ಯಾಕ್ಟ್ 2011ರಲ್ಲೇ ಈ ಮೆಸೇಜ್ ಪರಿಶೀಲಿಸಿ, ‘ಕಾಂಗ್ರೆಸ್’ ಎಂಬ ಮಾತು ಸುಳ್ಳು ಎಂದು ಹೇಳಿತ್ತು.

ಆದರೂ ಕೆಲವು ಇಂಟರ್‌ನೆಟ್ ಪಟ್ಟಿಗಳಲ್ಲಿ ನಿಮಗೆ ಈ ಪದ ಸಿಗಬಹುದು. ಒಬ್ಬರ ಜೋಕನ್ನು ಇನ್ನೊಬ್ಬರು ಪಟ್ಟಿಗೆ ಸೇರಿಸುತ್ತಾರೆ, ಅದನ್ನು ಮತ್ತೊಬ್ಬರು ನಕಲು ಮಾಡುತ್ತಾರೆ. ಹತ್ತು ಕಡೆ ಕಂಡ ಮಾತ್ರಕ್ಕೆ ಅದು ಹತ್ತು ಸಾಕ್ಷಿಯಾಗುವುದಿಲ್ಲ.

ಹಾಗಾದರೆ ಉಳಿದ ಪದಗಳು?

ಈ ಮೆಸೇಜಿನ ಜಾಣತನ ಇರುವುದೇ ಇಲ್ಲಿ. ಮೊದಲ ಸಾಲುಗಳಲ್ಲಿರುವ ಪದಗಳು ಡಿಕ್ಷನರಿಗಳಲ್ಲಿ ಸಿಗುತ್ತವೆ. ನಾಲ್ಕು ಸಾಲು ನಿಜವಾಗಿದ್ದರೆ ಐದನೆಯದನ್ನೂ ನಾವು ನಂಬಿಬಿಡುತ್ತೇವೆ.

ಆದರೆ ಆ ನಾಲ್ಕೂ ಒಂದೇ ಬಗೆಯವಲ್ಲ. ‘ಹರ್ಡ್’ ದಿನಬಳಕೆಯ ಪದ, ನಮ್ಮ ‘ಹಿಂಡು’ ಇದ್ದ ಹಾಗೆ. ‘ಪ್ರೈಡ್’ ಮತ್ತು ‘ಮರ್ಡರ್’ 1486ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ‘ಬುಕ್ ಆಫ್ ಸೇಂಟ್ ಆಲ್ಬನ್ಸ್’ ಎಂಬ ಬೇಟೆಯ ಪುಸ್ತಕದ ಪಟ್ಟಿಯಲ್ಲಿವೆ. ಅದು ಶ್ರೀಮಂತರ ಬೇಟೆ, ಗಿಡುಗ ಸಾಕಣೆಯಂಥ ವಿಷಯಗಳ ಪುಸ್ತಕ. ಪ್ರಾಣಿಗಳ ಜೊತೆಗೆ ಮನುಷ್ಯರನ್ನೂ ಆ ಪಟ್ಟಿ ಬಿಟ್ಟಿಲ್ಲ: ವಕೀಲರ ಗುಂಪಿಗೆ ‘ವಾಕ್ಚಾತುರ್ಯ’, ಚಪ್ಪಲಿ ಹೊಲಿಯುವವರ ಗುಂಪಿಗೆ ‘ಕುಡುಕತನ’ ಎಂಬರ್ಥದ ಹೆಸರುಗಳಿವೆ. ಅಂದರೆ ಅದರಲ್ಲಿ ಪಾಠದ ಜೊತೆ ಚೇಷ್ಟೆಯೂ ಇತ್ತು. ವಾನರಗಳಿಗೆ ಅಲ್ಲಿ ಕೊಟ್ಟ ಪದ ‘ಶ್ರೂಡ್‌ನೆಸ್’, ‘ಕಾಂಗ್ರೆಸ್’ ಅಲ್ಲ.

ಗೂಬೆಗಳ ‘ಪಾರ್ಲಿಮೆಂಟ್’ ಜನಪ್ರಿಯವಾಗಿದ್ದು ತೀರಾ ಈಚೆಗೆ. ಸಿ. ಎಸ್. ಲೂಯಿಸ್ 1953ರಲ್ಲಿ ಪ್ರಕಟಿಸಿದ ‘ದಿ ಸಿಲ್ವರ್ ಚೇರ್’ ಎಂಬ ಮಕ್ಕಳ ಕಾದಂಬರಿಯ ಒಂದು ಅಧ್ಯಾಯಕ್ಕೆ ಈ ಹೆಸರಿದೆ. ಹಕ್ಕಿಗಳ ಸಭೆಯ ಬಗ್ಗೆ ಕವಿ ಚಾಸರ್ 14ನೇ ಶತಮಾನದಲ್ಲಿ ಬರೆದ ಕವನದ ಹೆಸರನ್ನು ನೆನಪಿಸುವ ತಮಾಷೆ ಅದು.

ಕಾಗೆಗಳು ‘ನ್ಯಾಯಾಲಯ’ ನಡೆಸಿ ಕೊಲೆ ಮಾಡುತ್ತವೆ, ಅದಕ್ಕೇ ‘ಮರ್ಡರ್’ ಎಂಬ ವಿವರಣೆಯೂ ನಿಮಗೆ ಬಂದಿರಬಹುದು. ಅದು ಜನಪದ ಕಥೆ, ವಿಜ್ಞಾನವಲ್ಲ. ಪಕ್ಷಿತಜ್ಞರು ತಮ್ಮ ವರದಿಗಳಲ್ಲಿ ಕಾಗೆಗಳ ಗುಂಪನ್ನು ಸಾಮಾನ್ಯವಾಗಿ ‘ಫ್ಲಾಕ್’ ಎಂದೇ ಬರೆಯುತ್ತಾರೆ.

ಬಬೂನ್ ದಡ್ಡ ಪ್ರಾಣಿಯೇ?

ಮೆಸೇಜಿನ ಈ ಮಾತೂ ನಿಲ್ಲುವುದಿಲ್ಲ. ಫ್ರಾನ್ಸಿನ ವಿಜ್ಞಾನಿಗಳು 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು 6 ಬಬೂನ್‌ಗಳಿಗೆ ಟಚ್‌ಸ್ಕ್ರೀನ್ ಮೇಲೆ ನಾಲ್ಕು ಅಕ್ಷರಗಳ ಜೋಡಣೆಗಳನ್ನು ತೋರಿಸಿದರು. ಕೆಲವು ನಿಜವಾದ ಇಂಗ್ಲಿಷ್ ಪದಗಳು, ಉಳಿದವು ಅರ್ಥವಿಲ್ಲದ ಜೋಡಣೆಗಳು. ಯಾವುದು ಪದ, ಯಾವುದು ಅಲ್ಲ ಎಂಬುದನ್ನು ಅವು ಸುಮಾರು ಶೇ. 75ರಷ್ಟು ಸರಿಯಾಗಿ ಗುರುತಿಸಿದವು. ಡ್ಯಾನ್ ಎಂಬ ಬಬೂನ್ 308 ಪದಗಳನ್ನು ಗುರುತಿಸಲು ಕಲಿತಿತು. ಪದಗಳ ಅರ್ಥ ಅದಕ್ಕೆ ತಿಳಿದಿತ್ತು ಎಂದಲ್ಲ. ಯಾವ ಅಕ್ಷರದ ಪಕ್ಕ ಯಾವ ಅಕ್ಷರ ಹೆಚ್ಚಾಗಿ ಬರುತ್ತದೆ ಎಂಬುದನ್ನು ಅದು ಕಲಿತುಕೊಂಡಿತ್ತು. ಅತಿ ದಡ್ಡ ಪ್ರಾಣಿ ಮಾಡುವ ಕೆಲಸವಂತೂ ಇದಲ್ಲ.

ಬಳಸುವಾಗ ಇಷ್ಟು ನೆನಪಿರಲಿ

• ಕನ್ನಡದಲ್ಲೂ ಸಮೂಹವಾಚಕಗಳಿವೆ: ಕುರಿಗಳ ಮಂದೆ, ದ್ರಾಕ್ಷಿಯ ಗೊಂಚಲು, ಬಾಳೆಯ ಗೊನೆ, ಸೌದೆಯ ಹೊರೆ. ಇವು ಬಳಕೆಯಿಂದ ಬಂದವು. ಇಂಗ್ಲಿಷ್‌ನಲ್ಲೂ ಬಳಕೆಯಲ್ಲಿರುವ ಪದವನ್ನು ಮೊದಲು ಕಲಿಯಿರಿ, ಚಮತ್ಕಾರದ ಪದಗಳನ್ನು ಆಮೇಲೆ.

• ‘ಟ್ರೂಪ್’ ಎಂಬ ಉಚ್ಚಾರಕ್ಕೆ ಎರಡು ಸ್ಪೆಲ್ಲಿಂಗ್‌ಗಳಿವೆ. ಕೋತಿಗಳ ಗುಂಪಿಗೆ ಟಿ-ಆರ್-ಓ-ಓ-ಪಿ. ನಾಟಕ ಅಥವಾ ನೃತ್ಯ ತಂಡಕ್ಕೆ ಟಿ-ಆರ್-ಓ-ಯು-ಪಿ-ಇ. ಅದಲು ಬದಲಾದರೆ ಕಲಾವಿದರಿಗೆ ಬೇಸರವಾದೀತು!

• ಸಂದೇಹ ಬಂದರೆ ‘ಗ್ರೂಪ್’ ಎಂದು ಬರೆಯಿರಿ. ಅದು ಯಾವ ಪ್ರಾಣಿಗೂ ತಪ್ಪಾಗುವುದಿಲ್ಲ.

ಕೊನೆಗೆ ಹೇಳುವುದಿಷ್ಟು

ಬಬೂನ್‌ಗಳ ಗುಂಪು ‘ಟ್ರೂಪ್’. ‘ಕಾಂಗ್ರೆಸ್’ ಎಂಬುದು ಡಿಕ್ಷನರಿಯ ವೇಷ ಹಾಕಿದ ರಾಜಕೀಯ ಜೋಕ್. ಆ ಜಾಗದಲ್ಲಿ ಬೇರೆ ಯಾವ ಪಕ್ಷದ ಹೆಸರಿದ್ದರೂ ನಮ್ಮ ಉತ್ತರ ಇದೇ ಆಗಿರುತ್ತಿತ್ತು. ರಾಜಕಾರಣಿಗಳನ್ನು ಗೇಲಿ ಮಾಡುವುದು ಪ್ರಜೆಗಳ ಹಕ್ಕು, ಅದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಜೋಕನ್ನು ಜೋಕ್ ಎಂದೇ ಕಳಿಸಿ. ‘ಜನರಲ್ ನಾಲೆಡ್ಜ್’ ಎಂದು ಮನೆಯ ಗ್ರೂಪಿಗೆ ಹಾಕಿದರೆ, ಅದನ್ನು ನಂಬಿ ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಳ್ಳುವುದು ಆ ಮನೆಯ ಮಗು.

ಮುಂದಿನ ಸಲ ಇಂಥ ಪಟ್ಟಿ ಬಂದಾಗ ಮೊದಲ ಸಾಲುಗಳನ್ನು ನೋಡಿ ತಲೆದೂಗಬೇಡಿ. ಕೊನೆಯ ಸಾಲಿನ ಪದವನ್ನು ಒಂದು ಒಳ್ಳೆಯ ಡಿಕ್ಷನರಿಯಲ್ಲಿ ಹುಡುಕಿ. ಒಂದು ನಿಮಿಷದ ಕೆಲಸ. ಆಮೇಲೆ ಬೇಕಾದರೆ ಫಾರ್ವರ್ಡ್ ಮಾಡಿ.